ರಸೆಲ್ ಸಗ್ಡನ್ ಹೇಳಲಿದ್ದ ಮಾತು

ಎದುರಾಳಿ ಬ್ಯಾರಿಸ್ಟರ್ ಟೋಬಿ ಫೆನ್ವಿಕ್ ಮತ್ತು ನಾನು, ಕೋರಾ ಹೇಗ್, ಒಂದೇ ಚೇಂಬರ್ಸಿನವರು, ಎಂದರೆ ಒಂದೇ ಕಚೇರಿ ಹಂಚಿಕೊಂಡ ವಕೀಲರು. ಇಬ್ಬರಿಗೂ ಒಂದೇ ಅಡುಗೆಕೋಣೆ, ಒಂದೇ ಕೆಟಲು. ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಸದಾ ಅವನ ಕೈ. ಲೀಡ್ಸಿನಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಒಂದೇ ಸೂರಿನಡಿ ಕೂತರೂ ನಮ್ಮ ನಮ್ಮ ದುಡಿಮೆ ನಮ್ಮದು. ಬೆಳಿಗ್ಗೆ ಒಟ್ಟಿಗೆ ಟೀ ಕುಡಿದು, ಹತ್ತು ಗಂಟೆಗೆ ಒಬ್ಬರ ಕಕ್ಷಿದಾರರನ್ನು ಇನ್ನೊಬ್ಬರು ಪಾಟಿ ಸವಾಲಿನಲ್ಲಿ ಹಣ್ಣುಗಾಯಿ ನೀರುಗಾಯಿ ಮಾಡುವುದು ನಮ್ಮಲ್ಲಿ ಮಾಮೂಲು. ಕಕ್ಷಿದಾರರಿಗೆ ಮಾತ್ರ ಇದನ್ನು ನೋಡಿದರೆ ಸಹಿಸಲಾಗುವುದಿಲ್ಲ. ನನ್ನ ಬಳಿ ಬರುವವರು ಕೆಲಸ ಕಳೆದುಕೊಂಡವರು, ಬಸಿರಾದದ್ದಕ್ಕೋ ಬಣ್ಣಕ್ಕೋ ಕಾಯಿಲೆಗೋ ಮೂಲೆಗೆ ತಳ್ಳಿಸಿಕೊಂಡವರು. ಅವರ ಕಣ್ಣೆದುರು ನಗಾಡಬೇಡ ಎಂದು ಟೋಬಿಗೆ ಎಷ್ಟು ಹೇಳಿದರೂ ಅವನು ಕೇಳುವ ಆಸಾಮಿಯಲ್ಲ.

ವಿಚಾರಣೆಯ ದಿನ ಬೆಳಿಗ್ಗೆಯೂ ಅಷ್ಟೇ.

“ಕೋರಾ, ನಿನ್ ಬಿಸ್ಕತ್ತು ಮೆತ್ತಗಾಗಿವೆ ಕಣೇ,” ಅಂದ.

“ಕದ್ದು ತಿನ್ನೋನಿಗೆ ಗರಿಗರಿ ಬೇರೆ ಬೇಕಾ?”

“ರಾಜಿ ಮಾಡ್ಕೊಳ್ಳೋಕೆ ಹೇಳೇ ನಿನ್ ಕಕ್ಷಿದಾರನಿಗೆ. ನಮ್ ಕಡೆ ಕಂಪನಿ ಯಜಮಾನಿ ಕೆಟ್ಟವಳಲ್ಲ. ದುಡ್ಡೂ ಕೊಡ್ತಾಳೆ, ಕ್ಷಮೆ ಕೇಳಿ ಕಾಗದಾನೂ ಕೊಡ್ತಾಳೆ.”

“ಅವನಿಗೆ ದುಡ್ಡು ಬೇಡ್ವಂತೆ.”

“ಮತ್ತೇನ್ ಬೇಕಂತೆ?”

“ಮುಂದೆ ನಡೀಬೇಕಂತೆ.”

ಟೋಬಿ ನಗಲಿಲ್ಲ. ಬಾಯಲ್ಲಿದ್ದ ಬಿಸ್ಕತ್ತನ್ನು ನುಂಗಿ, “ಅದೊಂದು ಆಗಲ್ಲ,” ಎಂದು ಫೈಲು ಬಗಲಿಗಿಟ್ಟುಕೊಂಡು ಹೊರಟ.

ರಸೆಲ್ ಸಗ್ಡನ್ ಕ್ಯಾಲ್ಡರ್ ಕಣಿವೆಯ ಒಂದು ಸಣ್ಣ ಊರಿನವನು. ಅಲ್ಲಿ ಶವಸಂಸ್ಕಾರ ನಡೆಸಿಕೊಡುವ ಹಳೆಯ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಶವಪೆಟ್ಟಿಗೆಗೆ ಹೆಗಲು ಕೊಡುವ ಕೆಲಸ. ಐವತ್ತರ ಆಸುಪಾಸಿನ ಆಳು, ಬಾಗಿಲು ತುಂಬುವಂಥ ಭುಜ. ಚಿಕ್ಕಂದಿನಿಂದ ಉಗ್ಗು. ಸುಮ್ಮನೆ ಅಲ್ಲಿ ಇಲ್ಲಿ ತಡವರಿಸುವ ಉಗ್ಗಲ್ಲ ಅದು. ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಕಣ್ಣು ಮುಚ್ಚಿ, ಗಲ್ಲ ನಡುಗಿಸುತ್ತ, ಅದು ಹೊರಬರುವವರೆಗೂ ನಿಂತೇ ಇರುತ್ತಾನೆ.

ಅಲ್ಲಿ ಶವವಾಹನ ಮನೆಯಿಂದ ಹೊರಟಾಗ ಒಬ್ಬ ಉದ್ದ ಟೋಪಿ ಇಟ್ಟು, ಬೆತ್ತ ಹಿಡಿದು ಅದರ ಮುಂದೆ ಬೀದಿಯ ಕೊನೆಯವರೆಗೆ ನಡೆಯುತ್ತಾನೆ. ಅದಕ್ಕೂ ಮೊದಲು ಬಾಗಿಲಿಗೆ ಹೋಗಿ ಮನೆಯವರನ್ನು ಮಾತಾಡಿಸಿ ಕಾರಿಗೆ ಹತ್ತಿಸುವವನೂ ಅವನೇ. ಆ ಕೆಲಸದಲ್ಲಿದ್ದ ವಾಲ್ಟರ್ ನಿವೃತ್ತನಾದಾಗ ರಸೆಲ್ ಅರ್ಜಿ ಹಾಕಿದ. ಯಜಮಾನಿ ಹಿಲರಿ ಆಕ್ರಾಯ್ಡ್ ಆ ಟೋಪಿಯನ್ನು ನಿನ್ನೆ ಮೊನ್ನೆ ಸೇರಿದ, ಹರಳು ಹುರಿದಂತೆ ಮಾತಾಡುವ ಇನ್ನೊಬ್ಬನಿಗೆ ಕೊಟ್ಟಳು.

“ನಿಂಗೆ ಅವಮಾನ ಆಗ್ಬಾರ್ದು ಅಂತ ಕಣೋ ರಸೆಲ್,” ಎಂದು ಆಕೆ ಅವನಿಗೆ ಹೇಳಿದ್ದಳು. “ಗಂಡನ್ನ ಕಳ್ಕೊಂಡು ಅಳ್ತಾ ನಿಂತಿರೋಳ ಮುಂದೆ ಮಾತು ಸಿಕ್ಕಾಕ್ಕೊಂಡ್ರೆ ಏನ್ ಮಾಡ್ತೀಯ? ನೀನೂ ಒದ್ದಾಡ್ಬೇಕು, ಅವಳೂ ಒದ್ದಾಡ್ಬೇಕು.”

ಇದರಲ್ಲಿ ಕೇಡಿಗತನ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಇಪ್ಪತ್ತೈದು ವರ್ಷದಿಂದ ಈ ವೃತ್ತಿಯಲ್ಲಿರುವ ನನಗೆ ಕೇಡಿಗಳಿಗಿಂತ ಕರುಣಾಳುಗಳ ಮೇಲೆಯೇ ಸಿಟ್ಟು ಜಾಸ್ತಿ. ಕೇಡಿಗಳು ಎಲ್ಲಾದರೂ ಬಾಯಿ ಜಾರಿ ಸಿಕ್ಕಿಬೀಳುತ್ತಾರೆ. ಕರುಣಾಳುಗಳನ್ನು ಹಿಡಿಯುವುದು ಕಷ್ಟ. ಉಗ್ಗಿನ ಕಾರಣಕ್ಕೆ ಬಡ್ತಿ ತಪ್ಪಿಸಿದರೆ ಅದು ತಾರತಮ್ಯವೇ, ಆದರೆ ಆ ಕೆಲಸಕ್ಕೆ ಉಗ್ಗು ನಿಜವಾಗಿಯೂ ಅಡ್ಡಿ ಎಂದು ಯಜಮಾನಿ ತೋರಿಸಿಬಿಟ್ಟರೆ ಇಂಥ ಕೆಲಸದ ತಕರಾರು ಕೇಳುವ ಟ್ರಿಬ್ಯೂನಲ್ಲು ಆಕೆಯ ಕಡೆ ವಾಲುತ್ತದೆ. ಪ್ರಕರಣವೆಲ್ಲ ನಿಂತದ್ದು ಆ ಒಂದು ಬಾಗಿಲ ಮುಂದೆ.

ರಸೆಲ್ ಮೊದಲ ಸಲ ನನ್ನ ಕೋಣೆಗೆ ಬಂದಾಗ ಅವನು ತನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾನು ಟೀ ಸುರಿದು, ಹಾಲು ಬೆರೆಸಿ, ಕೈಗೆ ಕೊಟ್ಟಾಗಿತ್ತು. ಟ್ರಿಬ್ಯೂನಲ್ಲಿನಲ್ಲಿ ದಿನವಿಡೀ ಪಾಟಿ ಸವಾಲು ಎದುರಿಸುವುದು ಇವನಿಂದ ಹೇಗಾದೀತು ಎಂದು ನನಗೆ ಚಿಂತೆಯಾಯಿತು. “ಪ್ರಶ್ನೆ ಕೇಳಿದಾಗ ಉತ್ತರಾನ ಹ್ಯಾಗೆ ಕೊಡ್ತೀರಿ?” ಎಂದೆ. ಅವನು ಬಾಯಿ ತೆರೆದ. “ನಾ...” ಎಂದು ಅಲ್ಲೇ ನಿಂತ.

“ಟೈಪ್ ಮಾಡಿದ್ರೆ ಸುಲಭ ಅಲ್ವಾ? ಲ್ಯಾಪ್‌ಟಾಪ್ ಮೇಲೆ ಬರೀರಿ, ಎಲ್ಲರಿಗೂ ಪರದೆ ಮೇಲೆ ಕಾಣೋ ಹಾಗೆ ಮಾಡಿಸ್ತೀನಿ,” ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ತಲೆಯಾಡಿಸಿದ. ನಾನು ಖುಷಿಯಿಂದ ಅರ್ಜಿ ಗೀಚಿದೆ: ಕಕ್ಷಿದಾರರಿಗೆ ಬಾಯಿಮಾತಿನಲ್ಲಿ ಸಾಕ್ಷ್ಯ ನುಡಿಯುವುದು ಅಸಾಧ್ಯವಾದ್ದರಿಂದ, ಇತ್ಯಾದಿ. ನ್ಯಾಯಾಧೀಶೆ ಒಂದೇ ಮಾತಿಗೆ ಒಪ್ಪಿದರು. ಟೋಬಿಯೂ ತಕರಾರಿಲ್ಲವೆಂದ. ಆ ಹೊತ್ತಿಗೇ ನನಗೆ ಅನುಮಾನ ಬರಬೇಕಿತ್ತು. ಟೋಬಿ ಯಾವುದಕ್ಕೂ ತಕರಾರಿಲ್ಲ ಎನ್ನುವವನಲ್ಲ.

ನವೆಂಬರಿನ ಒಂದು ಮಂಗಳವಾರ ವಿಚಾರಣೆ ಶುರುವಾಯಿತು. ರಸೆಲ್ ಮತ್ತು ಹಿಲರಿ ಒಂದೇ ಊರಿನಿಂದ ಒಂದೇ ರೈಲಿನಲ್ಲಿ ಬೇರೆ ಬೇರೆ ಬೋಗಿ ಹತ್ತಿ ಬಂದಿದ್ದರು. ಹಿಂದಿನ ದಿನವಷ್ಟೇ ಇಬ್ಬರೂ ಸೇರಿ ಒಬ್ಬ ಬೇಕರಿಯವನನ್ನು ಮಣ್ಣು ಮಾಡಿದ್ದರಂತೆ. ಕೇಸು ಹಾಕಿದ ಮೇಲೂ ರಸೆಲ್ ಒಂದು ದಿನ ಕೆಲಸ ತಪ್ಪಿಸಿದವನಲ್ಲ, ಹಿಲರಿಯೂ ಅವನನ್ನು ಬಿಡಿಸಿದವಳಲ್ಲ. ನಡುವೆ ಮಾತು ಮಾತ್ರ ಇರಲಿಲ್ಲ.

ನಮ್ಮ ಟ್ರಿಬ್ಯೂನಲ್ಲಿನಲ್ಲಿ ಬಿಳಿ ವಿಗ್ಗು, ಕರಿ ಗೌನುಗಳ ಡೌಲಿಲ್ಲ. ಸಾದಾ ಕೋಣೆ, ಉದ್ದ ಮೇಜು. ನಡುವೆ ನ್ಯಾಯಾಧೀಶೆ, ಅಕ್ಕಪಕ್ಕ ಇಬ್ಬರು ಸದಸ್ಯರು. ರಸೆಲ್ ಸಾಕ್ಷಿಯ ಕುರ್ಚಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು, ತನ್ನ ದಪ್ಪ ಬೆರಳುಗಳಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದ. ಉತ್ತರಗಳು ಗೋಡೆಯ ಪರದೆಯ ಮೇಲೆ ಮೂಡುತ್ತಿದ್ದವು. ಚೊಕ್ಕ ಉತ್ತರಗಳು. ನಾನು ನಿರಾಳವಾಗಿ ಕೂತಿದ್ದೆ.

ಒಂದು ಗಂಟೆಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಟೋಬಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನು ಕನ್ನಡಕ ತೆಗೆದ ಎಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದರ್ಥ.

“ಮಿಸ್ಟರ್ ಸಗ್ಡನ್, ಈ ಕೋಣೇಲಿ ಯಾರೂ ಅಳ್ತಾ ಇಲ್ಲ, ಅಲ್ವಾ?”

‘ಇಲ್ಲ’ ಎಂದು ಪರದೆಯ ಮೇಲೆ ಮೂಡಿತು.

“ಯಾರೂ ಯಾರನ್ನೂ ಕಳ್ಕೊಂಡಿಲ್ಲ. ಬೆಚ್ಚಗಿದೆ, ಕುಡಿಯೋಕೆ ನೀರಿದೆ, ಯಾರೂ ನಿಮ್ಮನ್ನ ಅವಸರ ಮಾಡ್ತಿಲ್ಲ. ಆದ್ರೂ ಇಲ್ಲಿ ಬಾಯಿಬಿಟ್ಟು ಮಾತಾಡೋದು ನಿಮಗೆ ಅಸಾಧ್ಯ ಅಂತ ನಿಮ್ಮ ಬ್ಯಾರಿಸ್ಟರೇ ಬರೆದುಕೊಟ್ಟಿದ್ದಾರೆ. ಇಲ್ಲೇ ಆಗದವರಿಗೆ ಸಾವಾದ ಮನೆ ಬಾಗಿಲಲ್ಲಿ ಹ್ಯಾಗೆ ಸಾಧ್ಯ ಆಗುತ್ತೆ, ಸ್ವಲ್ಪ ಹೇಳಿ.”

ನಾನು ಕೊಟ್ಟ ಕತ್ತಿಯನ್ನೇ ಅವನು ನನ್ನ ಕಕ್ಷಿದಾರನ ಕುತ್ತಿಗೆಗೆ ಇಟ್ಟಿದ್ದ. ರಸೆಲ್ ಏನೋ ಟೈಪ್ ಮಾಡಿದ, ಅಳಿಸಿದ. ಮತ್ತೆ ಮಾಡಿದ, ಮತ್ತೆ ಅಳಿಸಿದ. ಖಾಲಿ ಪರದೆಯನ್ನು ಎಲ್ಲರೂ ನೋಡುತ್ತ ಕೂತೆವು. ಹಿಂದೆ ಕೂತಿದ್ದ ಹಿಲರಿಯೂ ತಲೆ ತಗ್ಗಿಸಿದಳು. ಅವನು ಪಡುವ ಪಾಡು ನೋಡಿ ಆಕೆಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

“ಊಟದ ಬಿಡುವು ತಗೊಳ್ಳೋಣ,” ಎಂದರು ನ್ಯಾಯಾಧೀಶೆ. “ಮಿಸ್ಟರ್ ಸಗ್ಡನ್, ನೀವಿನ್ನೂ ಪ್ರಮಾಣಕ್ಕೆ ಬದ್ಧರಾಗಿದ್ದೀರಿ. ಸಾಕ್ಷ್ಯ ಮುಗಿಯುವ ತನಕ ಈ ಪ್ರಕರಣದ ಬಗ್ಗೆ ಯಾರ ಜೊತೆಯೂ ಮಾತಾಡುವಂತಿಲ್ಲ. ನಿಮ್ಮ ಬ್ಯಾರಿಸ್ಟರ್ ಜೊತೆಗೂ.”

ಇದು ನಮ್ಮಲ್ಲಿ ಕಲ್ಲಿನ ಮೇಲೆ ಕೆತ್ತಿದಂಥ ನಿಯಮ. ಸಾಕ್ಷಿ ನಡುವೆ ಎದ್ದು ಹೋದರೆ ವಕೀಲರು ಅವನ ಕಿವಿಯೂದಬಾರದು. ದಿನಕ್ಕೆ ನಾಲ್ಕು ಸಲ ಕೇಳಿ ಕೇಳಿ ನನ್ನ ಕಿವಿಗೆ ಅದು ಬೀಳುವುದೇ ಇಲ್ಲ. ಅವತ್ತು ಮಾತ್ರ ಪ್ರತಿ ಶಬ್ದವೂ ಮೊಳೆ ಹೊಡೆದಂತೆ ಕೇಳಿಸಿತು.

ಕೇಸಿನ ಕಾಗದಪತ್ರ ನೋಡಿಕೊಳ್ಳುವ ಸಾಲಿಸಿಟರು ತಂದುಕೊಟ್ಟ ಚೀಸ್ ಸ್ಯಾಂಡ್‌ವಿಚ್ಚನ್ನು ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತೆ. ಕೆಳಗೆ ಅಂಗಳದ ಬೆಂಚಿನಲ್ಲಿ ರಸೆಲ್ ಒಬ್ಬನೇ ಕೂತಿದ್ದ. ಅವನಿಗೆ ಹೇಳಬೇಕಾದದ್ದು ನೂರೆಂಟಿತ್ತು. ಲ್ಯಾಪ್‌ಟಾಪು ಮುಚ್ಚಿ ಮಾತಾಡು ಎನ್ನಲೇ? ಮಾತು ಸಿಕ್ಕಿಕೊಂಡರೆ ಟೋಬಿ ಹೇಳಿದ್ದು ನಿಜವಾಗುತ್ತದೆ. ಟೈಪ್ ಮಾಡುತ್ತಲೇ ಇರು ಎನ್ನಲೇ? ಆಗಲೂ ಅದೇ ನಿಜವಾಗುತ್ತದೆ. ನನಗೇ ಗೊತ್ತಿರಲಿಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಯಾರಿಗಾದರೂ ಬೈಯಬೇಕೆನಿಸಿ, ಪಾಪದ ಸಾಲಿಸಿಟರಿಗೆ ಸ್ಯಾಂಡ್‌ವಿಚ್ಚಿನಲ್ಲಿ ಉಪ್ಪಿನಕಾಯಿ ಯಾಕಿಲ್ಲ ಎಂದು ಗದರಿದೆ.

ಸ್ವಲ್ಪ ಗಾಳಿ ಕುಡಿದು ಬರೋಣವೆಂದು ಕೆಳಗೆ ಹೋದೆ. ವಾಪಸು ಬಂದು ಲಿಫ್ಟಿನ ಮುಂದೆ ನಿಂತರೆ ಅಲ್ಲೇ ರಸೆಲ್. ಇಬ್ಬರೇ ಒಳಗೆ ಹತ್ತಿದೆವು. ಆ ಲಿಫ್ಟು ಮುದುಕರು ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತದೆ. ಮಾತಾಡುವಂತಿಲ್ಲವಾದ್ದರಿಂದ ನಾನು ಬೂಟಿನ ತುದಿ ನೋಡುತ್ತ ನಿಂತೆ.

“ಮ...” ಎಂದ ರಸೆಲ್.

ತಲೆಯೆತ್ತಿದೆ. ಅವನ ಕಣ್ಣು ಮುಚ್ಚಿತ್ತು, ಗಲ್ಲ ನಡುಗುತ್ತಿತ್ತು. ನನ್ನ ನಾಲಿಗೆಯ ತುದಿಗೆ ‘ಮಿಸ್ ಹೇಗ್, ಕ್ಷಮಿಸಿ’ ಎಂಬ ಮಾತು ಬಂದು ನಿಂತಿತು, ಅವನು ಹೇಳಹೊರಟದ್ದು ಅದೇ ಎಂದು ನನಗೆ ಖಾತ್ರಿಯಾಗಿತ್ತು. ಬೇರೆ ದಿನವಾಗಿದ್ದರೆ ನಾನೇ ಅಂದುಬಿಡುತ್ತಿದ್ದೆ, ಕ್ಷಮೆ ಯಾಕೆ ಬಿಡಿ ಎಂದು ಸಮಾಧಾನವನ್ನೂ ಮಾಡುತ್ತಿದ್ದೆ. ನಿಯಮ ನನ್ನ ಬಾಯಿಗೆ ಬೀಗ ಹಾಕಿತ್ತು. ಒಂದು ಮಹಡಿ ಹೋಯಿತು. ಇನ್ನೊಂದು ಹೋಯಿತು. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತೇ ಇರಲಿಲ್ಲ, ಬೆವರಿಬಿಟ್ಟೆ.

“ಮಳೆ ಬರೋ ಹಾಗಿದೆ,” ಎಂದ ರಸೆಲ್. “ನಿಮ್ ಛತ್ರಿ ಬೆಂಚ್ ಹತ್ರ ಬಿಟ್ಟಿದ್ರಿ, ಬೆಳಿಗ್ಗೆ. ತಂದಿದೀನಿ.”

ಕೈಯಲ್ಲಿ ನನ್ನ ಛತ್ರಿ ಇತ್ತು. ಅಷ್ಟು ಹೊತ್ತು ಅದನ್ನು ನಾನು ನೋಡಿಯೇ ಇರಲಿಲ್ಲ. ‘ಮಳೆ’ ಎನ್ನುವ ತನಕವಷ್ಟೇ ಅವನು ಒದ್ದಾಡಿದ್ದು. ಆಮೇಲಿನ ಮಾತು ಅಲ್ಲಲ್ಲಿ ತಡೆದರೂ ತಾನಾಗಿ ಬಂದಿತ್ತು. ಇಷ್ಟು ತಿಂಗಳಲ್ಲಿ ಅವನ ಬಾಯಿಂದ ಇಡೀ ವಾಕ್ಯ ಕೇಳಿದ್ದು ಅದೇ ಮೊದಲು. ಇಷ್ಟು ದಿನ ಕೇಳದಿದ್ದುದಕ್ಕೆ ಕಾರಣ ಅವನ ಉಗ್ಗಲ್ಲ, ಮಾತು ಮುಗಿಸಲು ಬಿಡದ ನಾನು. ನನ್ನ ಕೋಣೆಯಲ್ಲಿ ಆವತ್ತು ಆ “ನಾ...” ಎಂಬುದರ ಮುಂದೆ ಏನಿತ್ತು ಎಂದು ಲಿಫ್ಟಿನಲ್ಲಿ ಹೊಳೆಯಿತು. ನಾಚಿಕೆಯಾಯಿತು.

“ಥ್ಯಾಂಕ್ಸ್,” ಎಂದಷ್ಟೇ ಹೇಳಿದೆ. ಅಷ್ಟಕ್ಕೆ ಅಡ್ಡಿಯಿರಲಿಲ್ಲ.

ಮಧ್ಯಾಹ್ನ ಸಾಕ್ಷಿಯ ಕುರ್ಚಿಯಲ್ಲಿ ಕೂತ ಕೂಡಲೇ ರಸೆಲ್ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಸರಿಸಿದ. ಪರದೆ ಕಪ್ಪಾಯಿತು.

“ಯಂತ್ರ ಏನಾದ್ರೂ ಕೆಟ್ಟಿದೆಯಾ?” ಎಂದರು ನ್ಯಾಯಾಧೀಶೆ.

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಆಮೇಲೆ ಬಾಯಿ ತೆರೆದ. ಟ್ರಿಬ್ಯೂನಲ್ಲಿನಲ್ಲಿ ಮೌನಕ್ಕೆ ಜಾಗವಿಲ್ಲ. ಯಾರಾದರೂ ಕೆಮ್ಮುತ್ತಾರೆ, ಕಾಗದ ಮಗುಚುತ್ತಾರೆ. ಅವತ್ತು ಯಾರೂ ಏನೂ ಮಾಡಲಿಲ್ಲ.

“ನಾನೇ... ಮಾತಾಡ್ತೀನಿ,” ಎಂದ ರಸೆಲ್.

ಟೋಬಿ ಒಂದು ಗಳಿಗೆ ನನ್ನ ಕಡೆ ನೋಡಿದ. ಇದನ್ನು ನಾನೇ ಹೇಳಿಕೊಟ್ಟೆನೆಂಬ ಗುಮಾನಿ ಅವನ ಕಣ್ಣಲ್ಲಿತ್ತು. ನಾನು ನೆಟ್ಟಗೆ ಅವನನ್ನೇ ದಿಟ್ಟಿಸಿದೆ. ಹದಿನಾಲ್ಕು ವರ್ಷ ಒಂದೇ ಕೆಟಲಿನ ಟೀ ಕುಡಿದವನಿಗೆ ಅಷ್ಟು ಸಾಕಾಯಿತು. ಪ್ರಶ್ನೆಯ ಕಡೆ ತಿರುಗಿದ.

“ಸರಿ. ಒಂದು ಮನೆ ಬಾಗಿಲಲ್ಲಿ ನಿಂತಿದ್ದೀರಿ ಅಂದ್ಕೊಳ್ಳಿ. ಒಳಗೆ ಗಂಡ ಪೆಟ್ಟಿಗೇಲಿ ಮಲಗಿದ್ದಾನೆ. ಹೆಂಡತಿ ಬಾಗಿಲಿಗೆ ಬಂದ್ಲು. ಅವಳಿಗೆ ಏನ್ ಹೇಳ್ತೀರಿ?”

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಟೋಬಿಗೆ ಉತ್ತರ ಗೊತ್ತಿತ್ತು: ಏನೂ ಬರುವುದಿಲ್ಲ.

ರಸೆಲ್ ಎದ್ದು ನಿಂತ. ಟ್ರಿಬ್ಯೂನಲ್ಲಿನಲ್ಲಿ ಸಾಕ್ಷಿಗಳು ಎದ್ದು ನಿಲ್ಲುವುದಿಲ್ಲ, ಆದರೂ ಯಾರೂ ಕೂರಲು ಹೇಳಲಿಲ್ಲ. ಎರಡೂ ಕೈಗಳನ್ನು ಮುಂದೆ ಜೋಡಿಸಿದ. ಹೆಗಲು ತಗ್ಗಿತು. ಇಷ್ಟು ಹೊತ್ತು ಕುರ್ಚಿಯಲ್ಲಿ ಮುದುಡಿಕೊಂಡಿದ್ದ ಮನುಷ್ಯ ಇವನೇನಾ ಎನಿಸಿತು.

“ಅ...” ಎಂದು ಶುರು ಮಾಡಿ ಅಲ್ಲೇ ನಿಂತ. ಕಣ್ಣು ಮುಚ್ಚಿತು. ಎಡಗಡೆಯ ಸದಸ್ಯರ ತುಟಿ ತಾನಾಗಿ ಅಲ್ಲಾಡುತ್ತಿತ್ತು. ನಾನು ಹಲ್ಲು ಕಚ್ಚಿ ಕೂತೆ. ಟೋಬಿ ಮೇಜು ನೋಡುತ್ತಿದ್ದ. ಎಷ್ಟು ಹೊತ್ತಾಯಿತೋ ಕಾಣೆ.

“ಅವರನ್ನ ಕಳ್ಕೊಂಡಿದ್ದಕ್ಕೆ ತುಂಬಾ ವಿಷಾದ ಅಮ್ಮ,” ಎಂದು ಹಿಂದಿನಿಂದ ದನಿ ಕೇಳಿತು.

ಹಿಲರಿ. ಆಕೆಗೇ ಗೊತ್ತಿಲ್ಲದೆ ಬಾಯಿಂದ ಬಂದುಬಿಟ್ಟಿತ್ತು. ಹೇಳಿದ ಮೇಲೆ ಕೈ ಬಾಯಿಗೆ ಹೋಯಿತು. ಹತ್ತೊಂಬತ್ತು ವರ್ಷದ ರೂಢಿ; ಅವನ ಮಾತು ನಿಂತರೆ ಈಕೆ ಮುಂದುವರಿಸಬೇಕು.

“ಮಿಸೆಸ್ ಆಕ್ರಾಯ್ಡ್, ಸಾಕ್ಷಿ ಮಾತಾಡ್ತಾ ಇದ್ದಾರೆ,” ಎಂದರು ನ್ಯಾಯಾಧೀಶೆ, ತೀರಾ ಮೆಲ್ಲಗೆ.

ರಸೆಲ್ ಕಣ್ಣು ತೆರೆದು ಹಿಲರಿಯ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ಅದಲ್ಲ... ಮೇಡಂ,” ಎಂದ. “ನಾನು ಹೇಳ್ತಿದ್ದದ್ದು ಅದಲ್ಲ.”

ಮತ್ತೆ ಟೋಬಿಯ ಕಡೆ ತಿರುಗಿ, ಅದೇ ಬಾಗಿಲ ಮುಂದೆ ಮತ್ತೆ ನಿಂತ. ಈ ಸಲವೂ ತಡವಾಯಿತು, ಮೊದಲಿಗಿಂತ ಹೆಚ್ಚೇ ತಡವಾಯಿತು. ಆದರೆ ನಮ್ಮಲ್ಲಿ ಯಾರಿಗೂ ಈಗ ಅವನ ಮಾತು ಮುಗಿಸುವ ಧೈರ್ಯವಿರಲಿಲ್ಲ.

“ಅವಸರ ಇಲ್ಲಮ್ಮ,” ಎಂದ ರಸೆಲ್ ಸಗ್ಡನ್. “ಕೋಟು ಹಾಕ್ಕೊಳ್ಳಿ. ಬಾಗಿಲಿಗೆ ಬೀಗ ಹಾಕ್ಕೊಂಡು ಬನ್ನಿ. ಅಲ್ಲೀತನಕ ಅವರು... ಕಾಯ್ತಾರೆ. ನಾನೂ ಇರ್ತೀನಿ.”

ನ್ಯಾಯಾಧೀಶೆ ಏನನ್ನೂ ಬರೆದುಕೊಳ್ಳಲಿಲ್ಲ. ಬಲಗಡೆಯ ಸದಸ್ಯೆ, ಬಿಳಿ ಕೂದಲಿನ ಹೆಂಗಸು, ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ನನ್ನ ತಂದೆಯ ಸಂಸ್ಕಾರದ ದಿನ ನೆನಪಾಯಿತು. ಅವತ್ತು ಬಾಗಿಲಿಗೆ ಬಂದವನು ಚೆನ್ನಾಗಿಯೇ ಮಾತಾಡಿದ್ದ, ಗಡಿಯಾರವನ್ನೂ ನೋಡಿದ್ದ. ಅಮ್ಮ ಒಂದು ಕೈಗವಸು ಹುಡುಕುತ್ತಲೇ ಕಾರು ಹತ್ತಿದ್ದಳು.

ಟೋಬಿ ಕನ್ನಡಕ ಹಾಕಿಕೊಂಡ. “ಬೇರೆ ಪ್ರಶ್ನೆ ಇಲ್ಲ,” ಎಂದು ಕೂತ.

ಮರುದಿನ ಹಿಲರಿಯ ಸರದಿ. ಆಕೆಯನ್ನು ಹಿಂಡಲೆಂದು ನಾನು ಸಿದ್ಧಮಾಡಿಕೊಂಡಿದ್ದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿದೆ.

“ನಿನ್ನೆ ನೀವು ಮಿಸ್ಟರ್ ಸಗ್ಡನ್ ಅವರ ಮಾತನ್ನ ಮುಗಿಸಿದ್ರಿ. ಅದು ತಪ್ಪಾಗಿತ್ತು. ಇಷ್ಟು ವರ್ಷದಲ್ಲಿ ಇನ್ನೆಷ್ಟು ಸಲ ತಪ್ಪಾಗಿರಬಹುದು?”

ಹಿಲರಿ ಸುಳ್ಳು ಹೇಳಬಹುದಿತ್ತು, ನೆನಪಿಲ್ಲ ಎನ್ನಬಹುದಿತ್ತು. ಆಕೆ ಅಂಥವಳಲ್ಲ.

“ಗೊತ್ತಿಲ್ಲ,” ಎಂದಳು. “ಒಂದ್ಸಲಾನೂ ಕಾದು ನೋಡಿಲ್ಲ ನಾನು.”

ಆ ಉತ್ತರ ಬಂದಾಗ ಗೆದ್ದೆ ಎಂದು ಎದೆಯುಬ್ಬಿಸಬೇಕಿತ್ತು. ನನ್ನಿಂದ ಆಗಲಿಲ್ಲ. ಅದೇ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿದ್ದರೆ ನಾನೂ ಅದನ್ನೇ ಹೇಳಬೇಕಾಗುತ್ತಿತ್ತು.

ಸಂಜೆ ತೀರ್ಪು ಓದಿದರು. ಆ ಕೆಲಸಕ್ಕೆ ಉಗ್ಗು ಅಡ್ಡಿಯೇ ಎಂಬುದನ್ನು ಯಾರೂ ಪರೀಕ್ಷಿಸಿ ನೋಡಿಲ್ಲ. ನಿನ್ನೆ ಈ ಕೋಣೆಯಲ್ಲಿ ಪರೀಕ್ಷೆಯಾಯಿತು, ಅಡ್ಡಿ ಕಾಣಲಿಲ್ಲ. ರಸೆಲ್‌ಗೆ ತಾರತಮ್ಯವಾಗಿದೆ. ಆದರೆ ಟ್ರಿಬ್ಯೂನಲ್ಲಿನ ಕೈಗೂ ಒಂದು ಮಿತಿಯಿದೆ. ಪರಿಹಾರ ಕೊಡಿಸಬಹುದು, ಶಿಫಾರಸು ಮಾಡಬಹುದು. ಇವನ ತಲೆಯ ಮೇಲೆ ಟೋಪಿ ಇಡು ಎಂದು ಯಾರನ್ನೂ ಬಲವಂತ ಮಾಡಲಾಗುವುದಿಲ್ಲ. ಇದನ್ನು ನಾನು ರಸೆಲ್‌ಗೆ ಮೊದಲೇ ಹೇಳಿದ್ದೆ. ತೀರ್ಪು ಕೇಳಿ ಅವನು ಒಮ್ಮೆ ತಲೆಯಾಡಿಸಿದನಷ್ಟೇ, ನಗಲಿಲ್ಲ.

ಹೊರಗೆ ಲಿಫ್ಟಿನ ಬಳಿ ನಾವು ನಾಲ್ವರೂ ಒಟ್ಟಿಗೆ ಸಿಕ್ಕಿಬಿದ್ದೆವು. ಟೋಬಿ ಗುಂಡಿ ಒತ್ತಿದ. ಗೆದ್ದವರು ಸೋತವರು ಒಂದೇ ಲಿಫ್ಟಿಗೆ ಕಾಯುವಷ್ಟು ಮುಜುಗರದ ಜಾಗ ಇನ್ನೊಂದಿಲ್ಲ. ಹಿಲರಿಯ ಕಣ್ಣು ಕೆಂಪಾಗಿತ್ತು. ಆಕೆ ರಸೆಲ್ ಮುಂದೆ ಬಂದು ನಿಂತಳು.

“ರಸೆಲ್,” ಎಂದಳು. ಮುಂದೆ ಬರಲಿಲ್ಲ. ತುಟಿ ಬಿಗಿದುಕೊಂಡಳು, ಮತ್ತೆ ಪ್ರಯತ್ನಿಸಿದಳು.

ಟೋಬಿ ಆಕೆಯ ವಕೀಲ. ಅವಳ ಪರವಾಗಿ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ರಸೆಲ್ ಕೈ ಜೋಡಿಸಿ ನಿಂತಿದ್ದ, ನಿನ್ನೆ ನಿಂತ ಹಾಗೆ. ಆಕೆಯ ಮುಖವನ್ನು ನೋಡುತ್ತಿದ್ದ. ನೋಟದಲ್ಲಿ ಒತ್ತಾಯವಿರಲಿಲ್ಲ, ಸಹಾಯ ಮಾಡುವ ಹುಮ್ಮಸ್ಸೂ ಇರಲಿಲ್ಲ. ಮಾತು ತಾನಾಗಿ ಬರಲಿ ಎಂದು ಅದಕ್ಕೆ ದಾರಿ ಬಿಟ್ಟು ನಿಂತಿದ್ದ.

“ಶುಕ್ರವಾರ ಒಂದು ಸಂಸ್ಕಾರ ಇದೆ,” ಎಂದಳು ಹಿಲರಿ ಕಡೆಗೆ. “ಶಾಲೆ ಎದುರಿನ ಬೀದೀಲಿ. ಅಜ್ಜಿ ಒಬ್ಬಳೇ ಇದ್ದಾಳೆ ಮನೇಲಿ.” ಕರವಸ್ತ್ರ ತೆಗೆದು ಮೂಗೊರೆಸಿಕೊಂಡಳು. “ವಾಲ್ಟರನ ಟೋಪಿ ನಿಂಗೆ ಆಗಲ್ಲ ಕಣೋ, ನಿಂದು ದೊಡ್ಡ ತಲೆ. ಹೊಸದು ತರಿಸ್ಬೇಕು. ಅಳತೆ ಎಷ್ಟು?”

ರಸೆಲ್ ಬಾಯಿ ತೆರೆದ. ಕಣ್ಣು ಮುಚ್ಚಿತು, ಗಲ್ಲ ನಡುಗಿತು.

ಲಿಫ್ಟು ಬಂತು. ಬಾಗಿಲು ತೆರೆಯಿತು. ಹಿಲರಿ ಅಲುಗಲಿಲ್ಲ, ಟೋಬಿಯೂ ಅಲುಗಲಿಲ್ಲ, ನಾನು ಛತ್ರಿ ಹಿಡಿದುಕೊಂಡು ನಿಂತಿದ್ದೆ. ಬಾಗಿಲು ಮುಚ್ಚಿಕೊಂಡು ಲಿಫ್ಟು ಖಾಲಿಯಾಗಿ ಕೆಳಗೆ ಹೋಯಿತು. ನಾವು ಕಾಯುತ್ತ ನಿಂತೆವು.